ನೆರೆಮನೆಯ ಅಂಗಳ, ನಮ್ಮ ಕಿಡಕಿ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ನಮ್ಮ ಜನ ಮನೆ ಹಿಗ್ಗಿಸುವ ವಿಚಾರ ಮಾಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕುವವರು, ಅದರ ಮೇಲೆ ಮತ್ತೊಂದು ಅಂತಸ್ತು ಏರಿಸುವವರು ಬಹಳ. ಇದು ಸಂತೋಷದ ಮಾತು. ಆದರೆ ಮಠಕ್ಕೆ ಬರುವ ನ್ಯಾಯಗಳಲ್ಲಿ ಹೊಲದ ಬದುವಿನ ಜೊತೆಗೆ ಈಗ ಕಿಡಕಿಯ ಜಗಳವೂ ಸೇರಿದೆ. ಆದ್ದರಿಂದ ಈ ಸಲದ ಪಾಠಕ್ಕೆ ಇದೇ ವಿಷಯ.

ಮೊದಲು ನಮ್ಮದೇ ತಪ್ಪನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ದಾಸೋಹದ ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಿ, ಗಾಳಿಗೆಂದು ಎರಡು ದೊಡ್ಡ ಕಿಡಕಿ ಇಡಿಸಿದೆವು. ಕೆಳಗೆ ನೆರೆಮನೆಯ ಹಿತ್ತಲು, ಬಚ್ಚಲು. ಯಾರೂ ಏನೂ ಅನ್ನಲಿಲ್ಲ. ಎಂಟು ತಿಂಗಳ ಮೇಲೆ ಆ ಬಚ್ಚಲಿಗೆ ಹರಕು ತಾಡಪತ್ರಿ ಕಟ್ಟಿದ್ದು ಕಣ್ಣಿಗೆ ಬಿತ್ತು. ವಿಚಾರಿಸಿದರೆ, ಆ ಮನೆಯ ಹೆಣ್ಣುಮಕ್ಕಳು ಅಷ್ಟು ದಿನ ಕತ್ತಲಿರುವಾಗಲೇ ಎದ್ದು ಸ್ನಾನ ಮುಗಿಸುತ್ತಿದ್ದರು. "ಮಠದ ಕಿಡಕಿ ಮುಚ್ಚರಿ ಅಂತ ಹೆಂಗ ಅನ್ನೂದ್ರಿ ಅಪ್ಪಾರ?" ಎಂದರು ಆ ತಾಯಿ. ನಮಗೆ ತಲೆ ಎತ್ತಲಾಗಲಿಲ್ಲ. ಮರುವಾರವೇ ಆಳೆತ್ತರದವರೆಗೆ ಇಟ್ಟಂಗಿ ಕಟ್ಟಿಸಿ, ಮೇಲೆ ಗಾಳಿಗಷ್ಟೇ ಜಾಗ ಬಿಟ್ಟೆವು. ಅವರ ಸಂಕೋಚವನ್ನು ನಾವು ಒಪ್ಪಿಗೆಯೆಂದು ತಿಳಿದದ್ದೇ ತಪ್ಪು.

ಇನ್ನು ಕಾನೂನಿನ ಮಾತು. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯಲ್ಲಿ ನೆರೆಹೊರೆಯವರ ಹಕ್ಕುಗಳ ವಿವರವಿದೆ.

1. ಬೆಳಕು, ಗಾಳಿ: ಕಟ್ಟಡವೊಂದಕ್ಕೆ 20 ವರ್ಷ ಎಡೆಬಿಡದೆ, ತಂಟೆಯಿಲ್ಲದೆ, ಈಸ್‌ಮೆಂಟ್ ಆಗಿ ಬಂದ ಬೆಳಕು-ಗಾಳಿ 15ನೆಯ ಕಲಮಿನಂತೆ ಹಕ್ಕಾಗುತ್ತದೆ. ಬಯಲು ಜಾಗಕ್ಕೆ ಈ ಹಕ್ಕು ಬರುವದಿಲ್ಲ. ಬೆಳಕು ತುಸು ಕಡಿಮೆಯಾದರೆ ಸಾಲದು. ಮನೆಯಲ್ಲಿ ನೆಮ್ಮದಿಯಿಂದ ಇರಲು, ಇಲ್ಲವೆ ಅಂಗಡಿಯ ಕೆಲಸ ಮೊದಲಿನಂತೆ ನಡೆಸಲು ನಿಜವಾದ ತೊಂದರೆಯಾಗಬೇಕು. ಅಡ್ಡಿಯಾದುದು ತಿಳಿದೂ ಒಂದು ವರ್ಷ ಒಪ್ಪಿಕೊಂಡು ಸುಮ್ಮನಿದ್ದರೆ 20 ವರ್ಷದ ಎಣಿಕೆ ಅಲ್ಲಿಗೆ ತುಂಡಾಗುತ್ತದೆ.

2. ಮರೆ: ಮನೆಯ ಒಳಭಾಗ ಪರರಿಗೆ ಕಾಣುವಂತೆ ಹೊಸ ಕಿಡಕಿ ಇಡಬಾರದೆಂಬ ರೂಢಿ ಊರಲ್ಲಿದ್ದರೆ, 18ನೆಯ ಕಲಮು ಅದನ್ನು ಮನ್ನಿಸುತ್ತದೆ. ಅಲಹಾಬಾದ ಹೈಕೋರ್ಟು 1888ರಲ್ಲಿಯೇ ಇಂಥ ಹಕ್ಕನ್ನು ಒಪ್ಪಿದೆ. ಆದರೆ ಅಂಥ ರೂಢಿ ಇದೆಯೆಂದು ದಾವೆ ಹಾಕಿದವರೇ ಸಿದ್ಧಪಡಿಸಬೇಕು.

3. ನೋಟ: ನಮ್ಮ ಮಾಳಿಗೆಯಿಂದ ಹೊಲ ಕಾಣುತ್ತಿತ್ತು, ಗುಡಿಯ ಶಿಖರ ಕಾಣುತ್ತಿತ್ತು, ಈಗ ಕಾಣುವದಿಲ್ಲ ಎಂಬ ದೂರಿದೆ. ಎಷ್ಟು ವರ್ಷ ನೋಡಿದ್ದರೂ ಬರೀ ನೋಟ ಹಕ್ಕಾಗುವದಿಲ್ಲ. ಇಲ್ಲಿ ದೂರುವವರೇ ಸಮಾಧಾನ ತಂದುಕೊಳ್ಳಬೇಕು.

ಪಂಚಾಯತಿಯ ಪರವಾನಗಿ ಕೈಯಲ್ಲಿದೆ ಎಂದು ಕೆಲವರು ಬೀಗುತ್ತಾರೆ. ಪರವಾನಗಿ ಬೇರೆ, ನೆರೆಯವರ ಹಕ್ಕು ಬೇರೆ. ಕಾಗದದಿಂದ ಆ ಹಕ್ಕು ಅಳಿಯುವದಿಲ್ಲ.

ಕೋರ್ಟಿನ ಹಾದಿ ಉದ್ದ. ಒಂದು ಕಿಡಕಿಗಾಗಿ ಎರಡು ಎತ್ತಿನ ಬೆಲೆ ಕಳೆದವರನ್ನು ಬಲ್ಲೆವು. ಆದ್ದರಿಂದ ಬುನಾದಿ ತೋಡುವ ಮೊದಲೇ ನೆರೆಯವರನ್ನು ಕರೆದು ನಕ್ಷೆ ತೋರಿಸಿರಿ. ಕಿಡಕಿ, ಜೀನೆ, ಗ್ಯಾಲರಿ, ಮಳೆನೀರಿನ ಹರಿವು ಯಾವ ಕಡೆಗೆಂದು ಹೇಳಿರಿ. ಅವರ ಹಿತ್ತಲಿನಲ್ಲಿ ನಿಂತು ನಿಮ್ಮ ಗೋಡೆಯನ್ನು ಒಮ್ಮೆ ನೋಡಿರಿ. ಮನೆಯ ಹೆಣ್ಣುಮಕ್ಕಳನ್ನು ತಪ್ಪದೆ ಕೇಳಿರಿ. ತೊಂದರೆ ಅನುಭವಿಸುವವರು ಅವರು. ಒಪ್ಪಿದ್ದನ್ನು ಇಬ್ಬರು ಹಿರಿಯರೆದುರು ಬರೆದಿಡಿರಿ. ನೆರೆಯವರೂ ತೊಂದರೆಯಿದ್ದರೆ ಗೋಡೆ ಏಳುವ ಮೊದಲೇ ಬಾಯಿಬಿಟ್ಟು ಹೇಳಬೇಕು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ಊರಿಗೆಲ್ಲ ನೀರಾಗಲೆಂದು. ಅಷ್ಟು ದೊಡ್ಡ ಕಾಯಕ ನಮ್ಮಿಂದ ಆಗದಿರಬಹುದು. ನಾವು ಕಟ್ಟುವ ಗೋಡೆ ಪಕ್ಕದವರ ನೆಮ್ಮದಿ ಕೆಡಿಸದಿದ್ದರೆ ಅಷ್ಟೇ ಸಾಕು. ಒಂದು ವರ್ಷದ ಮೌನವನ್ನು ಕಾನೂನು ಒಪ್ಪಿಗೆಯೆಂದು ಎಣಿಸಬಹುದು. ಶರಣಧರ್ಮ ಹಾಗೆ ಎಣಿಸುವದಿಲ್ಲ.

ಮನೆಯವರೆಲ್ಲ ಕೂಡಿ ಚಿಂತಿಸಲು:
ನಮ್ಮ ಯಾವ ಕಿಡಕಿ ನೆರೆಯವರ ಅಂಗಳಕ್ಕೆ ತೆರೆಯುತ್ತದೆ? ಅದನ್ನು ಇಡುವಾಗ ಅವರನ್ನು ಕೇಳಿದ್ದೆವೆ? ಕೇಳಿರದಿದ್ದರೆ ಈ ವಾರ ಕೇಳಬಹುದಲ್ಲವೆ?