ಕೆಂಪು ಶಾಯಿ, ಹಸಿರು ಶಾಯಿ

ಮಗೂ, ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯ ತಾಯಿ ಮಗಳೊಂದಿಗೆ ಮಾತು ಬಿಟ್ಟ ಸಂಗತಿ ಬರೆದಿದ್ದೀಯ. ಕ್ಲಿಯರ್‌ವಾಟರ್‌ಗೆ ಅಷ್ಟು ಹತ್ತಿರ ಮನೆ ಮಾಡಿದವಳ ಕಿವಿಗೆ ಇಂಥದ್ದು ಇವತ್ತಲ್ಲ ನಾಳೆ ಬೀಳಲೇಬೇಕಿತ್ತು; ಸೈಂಟಾಲಜಿ ಪಂಥದವರು ಫ್ಲಾರಿಡಾದ ಆ ಊರಿನಲ್ಲಿ 1975ರಿಂದ ಬೀಡುಬಿಟ್ಟಿದ್ದಾರೆ. ಮನೆಯವರನ್ನು ಹೀಗೆ ದೂರ ಮಾಡುವ ಪದ್ಧತಿ, ಅವರು ‘ಡಿಸ್‌ಕನೆಕ್ಷನ್’ ಅನ್ನುವುದು, ಸ್ಥಾಪಕ ಹಬ್ಬರ್ಡ್ ತಂದದ್ದೋ, ಆಮೇಲಿನವರು ತುರುಕಿದ್ದೋ ಎಂದು ಕೇಳಿದ್ದೀಯ. ಹೇಳುತ್ತೇನೆ. ಅದರಲ್ಲಿ ಎಷ್ಟನ್ನು ಆ ಹುಡುಗಿಯ ಎದುರು ಆಡಬೇಕು ಅನ್ನುವುದು ಬೇರೆ ಮಾತು, ಅದನ್ನೂ ಹೇಳುತ್ತೇನೆ.

ಎಲ್. ರಾನ್ ಹಬ್ಬರ್ಡ್ ‘ಡಯನೆಟಿಕ್ಸ್’ ಪುಸ್ತಕ ಹೊರತಂದದ್ದು 1950ರಲ್ಲಿ. ಆಮೇಲೆ ಚರ್ಚು ಕಟ್ಟಿ, 1959ರಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಬಳಿ ಸೇಂಟ್ ಹಿಲ್ ಎಂಬ ದೊಡ್ಡ ಬಂಗಲೆ ಕೊಂಡು ಅಲ್ಲಿಂದ ಆಜ್ಞೆಗಳನ್ನು ಹೊರಡಿಸತೊಡಗಿದ. ಚರ್ಚಿನ ವೈರಿಗೆ ‘ಸಪ್ರೆಸಿವ್ ಪರ್ಸನ್’ ಎಂಬ ಹಣೆಪಟ್ಟಿ ಕಟ್ಟಿದ್ದು 1965ರ ಆಜ್ಞೆಗಳು. ಅಂಥವರ ಒಡನಾಟದಲ್ಲಿರುವವರೂ ಅಪಾಯದ ಆಸಾಮಿಗಳೇ: ಆ ಸಂಬಂಧವನ್ನು ಸರಿಪಡಿಸಬೇಕು, ಇಲ್ಲವೇ ಕಡಿದುಕೊಳ್ಳಬೇಕು, ಅಲ್ಲಿಯವರೆಗೆ ಚರ್ಚಿನ ಸಾಧನೆಯಲ್ಲಿ ಮುಂದಿನ ಮೆಟ್ಟಿಲಿಲ್ಲ. ವೈರಿ ಅಂದರೆ ಗಂಡನಿರಬಹುದು, ಹೆತ್ತ ತಾಯಿಯಿರಬಹುದು. ಹಣೆಪಟ್ಟಿಯ ಘೋಷಣೆ ಅಚ್ಚಾಗುವುದು ಹೊಂಬಣ್ಣದ ಹಾಳೆಯ ಮೇಲೆ. ಮನೆಗೆ ಬರುತ್ತಿದ್ದ ಕಾಗದವಂತೂ ಬಲು ಚಿಕ್ಕದು. ಇನ್ನು ಮೇಲೆ ನಿಮಗೂ ನನಗೂ ಸಂಬಂಧವಿಲ್ಲ ಎಂಬ ಅರ್ಥದ ಒಂದೆರಡು ಸಾಲು, ಕೆಳಗೆ ಸಹಿ. ಬದುಕಿರುವವರಿಗೇ ಘಟಶ್ರಾದ್ಧ ಮಾಡಿ ಕೈತೊಳೆದುಕೊಂಡ ಮನೆಗಳು ನಮ್ಮಲ್ಲೂ ಇದ್ದವು. ಮೂಗು ಮುರಿಯುವ ಮೊದಲು ಅದೂ ನೆನಪಿರಲಿ.

ಗದ್ದಲವಾಗದೆ ಇರಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1965ರಲ್ಲೇ ಆಂಡರ್ಸನ್ ವಿಚಾರಣೆಯ ವರದಿ ಬಂದು ನಿಷೇಧ ಬಿತ್ತು. 1968ರ ಜುಲೈನಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವ ಕೆನೆತ್ ರಾಬಿನ್ಸನ್, ಸೈಂಟಾಲಜಿ ಕುಟುಂಬದವರನ್ನು ಪರಸ್ಪರ ದೂರ ಮಾಡುತ್ತದೆ ಎಂದು ಪಾರ್ಲಿಮೆಂಟಿನಲ್ಲಿ ಹೇಳಿ, ಹೊರದೇಶದ ಶಿಷ್ಯರು ಬರುವುದನ್ನು ತಡೆದರು. ಅದೇ ವರ್ಷದ ನವೆಂಬರ್ 15ರ ಚರ್ಚಿನ ಆಜ್ಞೆ ಡಿಸ್‌ಕನೆಕ್ಷನ್ ರದ್ದು ಎಂದಿತು. ಮರುವರ್ಷ ನ್ಯೂಜಿಲೆಂಡಿನ ವಿಚಾರಣಾ ಆಯೋಗದ ಎದುರಿಗೂ ಬಂದದ್ದು ಅದೇ ರದ್ದತಿಯ ಮಾತು.

ನಿನ್ನ ಪ್ರಶ್ನೆ ಹುಟ್ಟುವುದು ಇಲ್ಲಿಂದ ಮುಂದೆ. 1983ರ ಸೆಪ್ಟೆಂಬರ್ 10ರ ತಾರೀಖು ಹೊತ್ತ, ಹಬ್ಬರ್ಡ್ ಹೆಸರಿನ ಒಂದು ಬುಲೆಟಿನ್ ಆ ಪದ್ಧತಿಯನ್ನು ಮರಳಿ ತಂದಿತು. ಹಬ್ಬರ್ಡ್ ಆಗ ಎಲ್ಲಿದ್ದ? 1980ರಲ್ಲಿ ತಲೆಮರೆಸಿಕೊಂಡವನು 1986ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕ್ರೆಸ್ಟನ್ ಬಳಿ ಸಾಯುವವರೆಗೂ ಹೊರಗೆ ಮುಖ ತೋರಿಸಲಿಲ್ಲ. ಅವನ ಮಾತು ಆಚೆ ಬರುತ್ತಿದ್ದುದು ಬೆರಳೆಣಿಕೆಯ ಜನರ ಕೈದಾಟಿ. ಮುಂದೆ ಚರ್ಚಿನ ನಾಯಕನಾದ, ಆಗ ಇಪ್ಪತ್ತರ ಆಸುಪಾಸಿನ ಡೇವಿಡ್ ಮಿಸ್ಕಾವಿಜ್ ಮೇಲೇರುತ್ತಿದ್ದ ಕಾಲ ಅದು. ಹಳೇ ತಲೆಗಳು ಹೊರಬೀಳುತ್ತಿದ್ದವು. ಹಬ್ಬರ್ಡ್‌ಗೆ ಹತ್ತಿರದವನಾಗಿದ್ದ ಡೇವಿಡ್ ಮೇಯೊ ಹೊರಬಿದ್ದು, 1983ರಲ್ಲೇ ಸಾಂತಾ ಬಾರ್ಬರಾ ಕಡೆ ಸ್ವಂತ ಕೇಂದ್ರ ತೆರೆದ. ಹಾಗೆ ಹೋದವರ ಹಿಂದೆ ಇನ್ನಷ್ಟು ಜನ ಹೋಗದಂತೆ ಬೇಲಿ ಬೇಕಿತ್ತಲ್ಲ.

ಒಂದು ಸಣ್ಣ ವಿವರ ನನಗೆ ಬಹಳ ಹಿಡಿಸಿತು. ಅವರಲ್ಲಿ ಆಡಳಿತದ ಆಜ್ಞೆ ಬಿಳಿ ಹಾಳೆಯ ಮೇಲೆ ಹಸಿರು ಶಾಯಿಯಲ್ಲಿ ಅಚ್ಚಾಗುತ್ತದೆ, ‘ಟೆಕ್’ ಅನ್ನುವ ಸಾಧನೆಯ ವಿಷಯ ಕೆಂಪು ಶಾಯಿಯಲ್ಲಿ. 1965ರದ್ದೂ 1968ರ ರದ್ದತಿಯೂ ಹಸಿರಿನ ಸಾಲಿನವು, 1983ರದ್ದು ಕೆಂಪಿನದು. ಕಚೇರಿಯ ಶಿಸ್ತಾಗಿದ್ದದ್ದು ಸಾಧನೆಯ ಭಾಗವಾಗಿ ಕೂತಿತು ಎಂದು ನಾನು ಓದಿಕೊಂಡಿದ್ದೇನೆ.

ಚರ್ಚಿನಿಂದ ಹೊರಬಂದರೂ ಹಬ್ಬರ್ಡ್‌ನನ್ನು ಬಿಡದವರು ಇದ್ದಾರೆ. ನಮ್ಮ ಗುರು ರದ್ದು ಮಾಡಿದ್ದನ್ನು ಮಿಸ್ಕಾವಿಜ್ ಬಳಗ ಗುರುವಿನ ಹೆಸರಲ್ಲಿ ಮತ್ತೆ ತಂದಿತು ಎಂಬುದು ಅವರ ವಾದ. ಚರ್ಚಿನ ಪ್ರಕಾರ ಬುಲೆಟಿನ್ ಹಬ್ಬರ್ಡ್‌ನದೇ, ಸಂಬಂಧ ಕಡಿದುಕೊಳ್ಳುವುದು ಮಾತ್ರ ಆಯಾ ವ್ಯಕ್ತಿಯ ಸ್ವಂತ ಆಯ್ಕೆ. 1968ರ ರದ್ದತಿಯೇ ಸರ್ಕಾರಗಳ ಕಣ್ಣಿಗೆ ಎರಚಿದ ಮಣ್ಣು, ಒಳಗೆ ಏನೂ ನಿಂತಿರಲಿಲ್ಲ ಎನ್ನುವವರೂ ಉಂಟು. ನನ್ನ ಅಳತೆ ಇಷ್ಟು: 1983ರ ಕೈ ಯಾರದೆಂದು ಎಷ್ಟು ಬೇಕಾದರೂ ಶಂಕಿಸು, 1965ರ ಕೈಯ ಬಗ್ಗೆ ಶಂಕೆಗೆ ಎಡೆಯಿಲ್ಲ. ಮತ್ತು ಸರ್ಕಾರಗಳು ಬಾಗಿಲು ತಟ್ಟುತ್ತಿದ್ದಾಗ ಹೊರಟ ರದ್ದತಿಯನ್ನು ಮನಃಪರಿವರ್ತನೆ ಎಂದು ನಂಬುವಷ್ಟು ಸಣ್ಣವನಲ್ಲ ನಾನು.

ಇಷ್ಟು ಜನ ಸೇರಿ ಒಂದು ನಿಯಮವನ್ನು ತಮ್ಮದಲ್ಲ ಅನ್ನುವುದು ನೋಡು. 2008ರಲ್ಲಿ ಚರ್ಚಿನ ವಕ್ತಾರ ಟಾಮಿ ಡೇವಿಸ್ ಸಿಎನ್‌ಎನ್ ವಾಹಿನಿಯಲ್ಲಿ ಕೂತು, ನೀವು ಹೇಳುವಂಥ ಡಿಸ್‌ಕನೆಕ್ಷನ್ ನಮ್ಮಲ್ಲಿಲ್ಲ ಎಂದುಬಿಟ್ಟರು. ಚಿತ್ರ ನಿರ್ದೇಶಕ ಪಾಲ್ ಹ್ಯಾಗಿಸ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ: ಅವರ ಹೆಂಡತಿಯೇ ಚರ್ಚಿನ ಮಾತಿಗೆ ಕಟ್ಟುಬಿದ್ದು ತನ್ನ ತಂದೆತಾಯಿಯ ಜೊತೆ ಮಾತು ಬಿಟ್ಟಿದ್ದರು. 2009ರಲ್ಲಿ ಹ್ಯಾಗಿಸ್ ಚರ್ಚು ಬಿಟ್ಟಾಗ ಬರೆದ ಪತ್ರದಲ್ಲಿ ಇದೂ ಒಂದು ಕಾರಣ. ಆಜ್ಞೆ ಯಾರದಾದರೂ ಇರಲಿ, ಕಾಗದ ಬರೆಯುವುದು ಮಗಳೋ ಮಗನೋ. ಧರ್ಮದ ಹೆಸರಿರಲಿ, ಪಕ್ಷದ ಹೆಸರಿರಲಿ, ನಿನ್ನ ಮುಂದೆ ಯಾರಾದರೂ ಅಂಥ ಹಾಳೆ ಇಟ್ಟರೆ ಪೆನ್ನಿನ ಮುಚ್ಚಳ ತೆಗೆಯಬೇಡ, ಅಷ್ಟೇ.

ಆ ಹುಡುಗಿಯ ವಿಷಯ. ನಾನು ಹೇಳಿದ ಇಸವಿಗಳನ್ನೆಲ್ಲ ಅವಳ ಮುಂದೆ ಸುರಿಯಬೇಡ. ತಪ್ಪು ಮಿಸ್ಕಾವಿಜ್‌ನದು, ಹಬ್ಬರ್ಡ್ ಒಳ್ಳೆಯವನೇ ಎಂದು ಅವಳು ನಂಬಿಕೊಂಡಿದ್ದರೆ ನಂಬಿಕೊಂಡಿರಲಿ. ಗುರುವನ್ನು ಬಿಡದೆ ಬಾಗಿಲು ದಾಟಲು ಎಷ್ಟೋ ಜನಕ್ಕೆ ಆ ವಾದವೇ ಊರುಗೋಲಾಗಿದೆ. ಚರಿತ್ರೆ ಸರಿಯಿಲ್ಲವೆಂದು ಅದನ್ನು ಕಿತ್ತುಕೊಳ್ಳುವ ಹಕ್ಕು ನಿನಗಿಲ್ಲ. ತಾಯಿಯ ಮೇಲೂ ಅವಳನ್ನು ಎತ್ತಿಕಟ್ಟಬೇಡ. ಮಗಳೊಡನೆ ಮಾತಾಡಿದರೆ ಆ ತಾಯಿಗೆ ಒಳಗಿನ ಗಂಡ, ಗೆಳತಿಯರು, ಕೆಲಸ ಎಲ್ಲವೂ ಕೈಬಿಡುವ ಭಯವಿರುತ್ತದೆ. ಅವಳೇನಾದರೂ ತಾಯಿಗೆ ಬರೆಯುತ್ತೇನೆ ಅಂದರೆ, ಚರ್ಚಿನ ಮಾತು ಎತ್ತಬೇಡ ಅನ್ನು. ಮನೆ ಬದಲಿಸಿದ್ದರೆ ಹೊಸ ವಿಳಾಸ, ಆರೋಗ್ಯ ಹೇಗಿದೆ, ಬೆಕ್ಕು ಮರಿ ಹಾಕಿತೋ ಇಲ್ಲವೋ, ಇಷ್ಟು ಸಾಕು. ಉತ್ತರ ಬರದಿದ್ದರೂ ಬರುವ ವರ್ಷ ಇನ್ನೊಂದು ಬರೆಯಲಿ. ಫೋನ್ ನಂಬರು ಮಾತ್ರ ಬದಲಿಸದಿರಲಿ.