ಊರಿನ ಏಳಿಗೆಯನ್ನು ಅಳೆಯುವವರು ಯಾರು?

ಊರಿನ ಸ್ಥಿತಿಗತಿಯ ಅಧ್ಯಯನವೆಂದರೆ ಹೊರಗಿನವರ ಕೆಲಸವೆಂದೇ ನಾವು ತಿಳಿದಿದ್ದೇವೆ. ನಮೂನೆ ಹಿಡಿದು ಬಂದವರು ಆದಾಯವೆಷ್ಟು, ಹೊಲವೆಷ್ಟು ಎಂದು ಬರೆದುಕೊಂಡು ಹೋಗುತ್ತಾರೆ. ‘ಚೆನ್ನಾಗಿ ಬಾಳುವುದೆಂದರೆ ನಿಮ್ಮ ದೃಷ್ಟಿಯಲ್ಲಿ ಏನು?’ ಎಂದು ಕೇಳುವವರು ವಿರಳ.

ಕೇಳಿದರೆ ಏನಾಗುತ್ತದೆ? ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಅವರು ರಾಜಸ್ಥಾನದ ಎರಡು ಹಳ್ಳಿಗಳಲ್ಲಿ 1963-66ರ ಸ್ಥಿತಿಯನ್ನು 1982-84ರ ಸ್ಥಿತಿಯೊಡನೆ ಹೋಲಿಸಿ ನೋಡಿದರು. 36 ಕುಟುಂಬಗಳ ತಲಾ ಆದಾಯವು ಶೇಕಡಾ 5ಕ್ಕಿಂತ ಹೆಚ್ಚು ಇಳಿದಿತ್ತು. ಲೆಕ್ಕದ ಪ್ರಕಾರ ಅವರು ಇನ್ನಷ್ಟು ಬಡವರಾಗಿದ್ದರು. ಆದರೆ ಹಳ್ಳಿಗರೇ ಹೆಸರಿಸಿದ 38 ಲಕ್ಷಣಗಳ ಪೈಕಿ 37ರಲ್ಲಿ ಅದೇ ಕುಟುಂಬಗಳು ಸರಾಸರಿಯಲ್ಲಿ ಮೊದಲಿಗಿಂತ ಮೇಲಾಗಿದ್ದವು! ಧಣಿಗಳ ಹಂಗು ಕಡಿಮೆಯಾಗಿತ್ತು, ಕಾಲಿಗೆ ಪಾದರಕ್ಷೆ ಬಂದಿತ್ತು. ಆದಾಯ ಮುಖ್ಯವಲ್ಲವೆಂದು ಇದರ ಅರ್ಥವಲ್ಲ. ಅದೊಂದರಿಂದಲೇ ಬಾಳನ್ನು ತೂಗಲಾಗದು ಎಂದಷ್ಟೇ.

ಇದು ಹಳ್ಳಿಗಳ ಮಾತು ಮಾತ್ರವಲ್ಲ. 2015ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಪೂರ್ವ ಲಂಡನ್ನಿನ ನಿವಾಸಿಗಳಿಗೇ ಸಂಶೋಧನೆಯ ತರಬೇತಿ ಕೊಟ್ಟು, ಅವರ ನೆರೆಹೊರೆಯಲ್ಲಿ ಇದೇ ಪ್ರಶ್ನೆಯನ್ನು ಕೇಳಿಸಿದರು. ಭದ್ರವಾದ ಜೀವನೋಪಾಯವೇ ಏಳಿಗೆಯ ಬುನಾದಿ ಎಂಬುದು ಅಲ್ಲಿ ಕಂಡುಬಂತು.

ಇನ್ನು ನಮ್ಮ ಮಾಡಗ್ಯಾಳಕ್ಕೆ ಬರೋಣ. ಊರಿನ ಹೆಸರನ್ನು ದೂರದೂರಕ್ಕೆ ಒಯ್ದದ್ದು ಬಾಗಿದ ಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಯ ನಮ್ಮ ಕುರಿ. 2020ರಲ್ಲಿ ಈ ತಳಿಯ ಟಗರೊಂದಕ್ಕೆ ಆಟಪಾಡಿಯ ಸಂತೆಯಲ್ಲಿ 70 ಲಕ್ಷ ರೂಪಾಯಿ ಕೊಡಲು ಒಬ್ಬರು ಮುಂದೆ ಬಂದರೆಂದು ಪತ್ರಿಕೆಗಳು ಬರೆದವು. ಒಡೆಯನು ಕೊಡಲಿಲ್ಲ, ಅದು ತನ್ನ ಪಾಲಿಗೆ ಅದೃಷ್ಟದ ಟಗರೆಂದು ಅವನ ನಂಬಿಕೆ. ಈ ಮನೆಯ ಸಂಪತ್ತನ್ನು ನಮೂನೆಯ ಯಾವ ಅಂಕಣದಲ್ಲಿ ಬರೆಯಬೇಕು?

ಊರವರೇ ಕೂಡಿ ಮಾಡಬಹುದಾದ ಸರಳ ಪದ್ಧತಿಯೊಂದುಂಟು. ಬೆಂಗಳೂರಿನ ಮೈರಾಡ ಸಂಸ್ಥೆ 1990ರ ಸುಮಾರಿಗೆ ಇಂಥ ಪದ್ಧತಿಗಳನ್ನು ದಕ್ಷಿಣದ ಹಳ್ಳಿಗಳಲ್ಲಿ ರೂಢಿಗೆ ತಂದಿತು. ಓಣಿಯ ಒಂದೊಂದು ಮನೆಗೆ ಒಂದೊಂದು ಚೀಟಿ. ನೆರೆಯ ಮೂರ್ನಾಲ್ಕು ಮಂದಿ ಬೇರೆಬೇರೆಯಾಗಿ ಕುಳಿತು, ಒಂದೇ ಬಗೆಯ ಸ್ಥಿತಿಯಲ್ಲಿರುವ ಮನೆಗಳ ಚೀಟಿಗಳನ್ನು ಒಂದೊಂದು ಗುಂಪಾಗಿ ಇಡಬೇಕು. ಬಳಿಕ ‘ಈ ಚೀಟಿ ಇಲ್ಲೇಕೆ?’ ಎಂದು ಕೇಳಬೇಕು. ಗುಂಪುಗಳಿಗಿಂತ ಆ ಕಾರಣಗಳೇ ಬೆಲೆಯುಳ್ಳವು. ಅವನ್ನು ಹೇಳಿದವರ ಕನ್ನಡದಲ್ಲಿಯೇ ಬರೆದುಕೊಳ್ಳಬೇಕು. ‘ಉಣ್ಣಲು ಕೊರತೆಯಿಲ್ಲದ ಮನೆ’ ಎಂಬುದಕ್ಕೂ ‘ನಾಲ್ಕು ಮಂದಿ ಬಂದು ಉಣ್ಣುವ ಮನೆ’ ಎಂಬುದಕ್ಕೂ ಇರುವ ಅಂತರ ಕಚೇರಿಯ ಮರಾಠಿ ನಮೂನೆಗೆ ಇಳಿಯುವುದಿಲ್ಲ. ಈ ಕೆಲಸಕ್ಕೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಶಾಲೆಯ ಮಕ್ಕಳಿಗಿಂತ ತಕ್ಕವರು ಯಾರು?

ಎಚ್ಚರವೂ ಬೇಕು. ಚೀಟಿಗಳನ್ನು ಕಟ್ಟೆಯ ಮೇಲೆ ಹರಡಿದರೆ ಬಡವರಿಗೆ ಅವಮಾನ, ಉಳ್ಳವರಿಗೆ ಮುನಿಸು. ಮನೆಗಳ ಹೆಸರು ಹೊರಬೀಳಕೂಡದು. ಕಟ್ಟೆಯಲ್ಲಿ ಗಂಡಸರು ಹೇಳಿದ್ದೇ ಊರಿನ ಮಾತೆಂದು ಬರೆದರೆ ಅರ್ಧ ಊರನ್ನು ಬಿಟ್ಟಂತೆ. ಹೆಂಗಸರನ್ನು ಬೇರೆಯಾಗಿ, ಅವರಿಗೆ ಬಿಡುವಾದ ಹೊತ್ತಿನಲ್ಲಿ ಕೇಳಬೇಕು. ಬೇಸಗೆಯಲ್ಲಿ ಒಂದು ಕೊಡ ನೀರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂಬ ಲೆಕ್ಕ ಅವರ ಬಳಿಯೇ ಇದೆ. ಕುರಿಗಳೊಡನೆ ಮೇವನ್ನರಸಿ ಹೋದವರ, ಕಬ್ಬಿನ ಹಂಗಾಮಿಗೆ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಆ ಚೀಟಿಗಳನ್ನು ಬದಿಗಿಟ್ಟು, ಅವರು ಮರಳಿದ ಮೇಲೆ ಮತ್ತೊಮ್ಮೆ ಕೂಡಬೇಕು.