‘ನಂಗೆ ಲೆಕ್ಕ ಬರಲ್ಲ ಮಿಸ್’: ಅರಿವಿನ ವರ್ತನಾ ಚಿಕಿತ್ಸೆಯ ಮೂಲ ತತ್ವಗಳು ಮತ್ತು ಒಂದು ಬೋಧನಾ ಅನುಭವ

ಪೀಠಿಕೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಚನ್ನಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಒಂಬತ್ತನೆಯ ತರಗತಿಗೆ ‘ಬಹುಪದೋಕ್ತಿಗಳು’ ಘಟಕ ಮುಗಿಸಿ 20 ಅಂಕಗಳ ಘಟಕ ಪರೀಕ್ಷೆ ಕೊಟ್ಟೆ. ಒಬ್ಬ ವಿದ್ಯಾರ್ಥಿನಿಯ ಉತ್ತರ ಪತ್ರಿಕೆಯಲ್ಲಿ ಅವಳ ಹೆಸರು ಮತ್ತು ಪ್ರಶ್ನೆ ಸಂಖ್ಯೆಗಳು ಮಾತ್ರ ಇದ್ದವು. ಕರೆದು ಕೇಳಿದಾಗ, “ನಂಗೆ ಲೆಕ್ಕ ಬರಲ್ಲ ಮಿಸ್. ಬರೆದ್ರೂ ತಪ್ಪೇ ಆಗುತ್ತೆ” ಎಂದಳು.

“ಹಾಗೆಲ್ಲ ಅನ್ಕೋಬಾರ್ದು, ಧೈರ್ಯವಾಗಿರು, ಬರುತ್ತೆ” ಎಂದೆ. ಅವಳು ತಲೆಯಾಡಿಸಿ ಹೋದಳು. ಮರುದಿನ ಕಪ್ಪುಹಲಗೆಗೆ ಕರೆದರೆ ಎದ್ದು ನಿಲ್ಲಲೂ ಇಲ್ಲ. ನನ್ನ ಸಮಾಧಾನದ ಮಾತು ಏಕೆ ಫಲಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅರಿವಿನ ವರ್ತನಾ ಚಿಕಿತ್ಸೆಯನ್ನು, ಅಂದರೆ ಸಿಬಿಟಿಯನ್ನು, ಓದಿದೆ.

ಹಿನ್ನೆಲೆ

ಪಾವ್ಲೋವ್ ಮತ್ತು ಸ್ಕಿನ್ನರ್ ಅವರ ಕಲಿಕಾ ಸಿದ್ಧಾಂತಗಳನ್ನು ನಾವು ಮನೋವಿಜ್ಞಾನ ಪತ್ರಿಕೆಯಲ್ಲಿ ಓದುತ್ತೇವೆ. ವರ್ತನಾ ಚಿಕಿತ್ಸೆಯ ಬೇರು ಅಲ್ಲಿದೆ. ಇದಕ್ಕೆ ಆಲೋಚನೆಯ ಪಾತ್ರವನ್ನು ಸೇರಿಸಿದವರಲ್ಲಿ ಇಬ್ಬರು ಮುಖ್ಯರು. 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್, ಘಟನೆಗಿಂತ ಅದರ ಬಗೆಗಿನ ನಂಬಿಕೆಯೇ ಭಾವನೆಯನ್ನು ರೂಪಿಸುತ್ತದೆ ಎಂದು ವಾದಿಸಿದರು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್, ಖಿನ್ನತೆಯಿರುವವರಲ್ಲಿ ತಮ್ಮ ಬಗ್ಗೆ, ಜಗತ್ತಿನ ಬಗ್ಗೆ ಮತ್ತು ಭವಿಷ್ಯದ ಬಗ್ಗೆ ನಕಾರಾತ್ಮಕ ಆಲೋಚನೆಗಳು ತಾವಾಗಿಯೇ ಬರುತ್ತಿರುವುದನ್ನು ಗುರುತಿಸಿದರು.

ಮೂಲ ತತ್ವಗಳು

1. ಸನ್ನಿವೇಶ, ಆಲೋಚನೆ, ಭಾವನೆ, ದೇಹದ ಸ್ಥಿತಿ ಮತ್ತು ವರ್ತನೆ ಒಂದಕ್ಕೊಂದು ಹೆಣೆದುಕೊಂಡಿವೆ. ‘ತಪ್ಪೇ ಆಗುತ್ತೆ’ ಎನಿಸಿದಾಗ ಭಯ ಬರುತ್ತದೆ, ಕೈ ಬೆವರುತ್ತದೆ, ಹಾಳೆ ಖಾಲಿ ಉಳಿಯುತ್ತದೆ. ಖಾಲಿ ಹಾಳೆಗೆ ಸೊನ್ನೆ ಬಂದಾಗ ಮೊದಲಿನ ಆಲೋಚನೆಯೇ ಗಟ್ಟಿಯಾಗುತ್ತದೆ.

2. ತಾನಾಗಿ ಬರುವ ಆಲೋಚನೆ ಸತ್ಯವೇ ಆಗಿರಬೇಕಿಲ್ಲ. ಒಂದು ತಪ್ಪಿನಿಂದ ಎಲ್ಲವೂ ತಪ್ಪು ಎನ್ನುವುದು, ಎಲ್ಲ ಅಥವಾ ಏನೂ ಇಲ್ಲ ಎನ್ನುವುದು ಸಾಮಾನ್ಯ ದೋಷಗಳು.

3. ಆಲೋಚನೆಯನ್ನು ಅಲ್ಲಗಳೆಯದೆ, ಇಬ್ಬರೂ ಸೇರಿ ಸಾಕ್ಷ್ಯವನ್ನಿಟ್ಟು ಪರೀಕ್ಷಿಸಬೇಕು. ಉತ್ತರ ಪ್ರಶ್ನೆಗಳ ಮೂಲಕ ಅವರಿಂದಲೇ ಬರಬೇಕು.

4. ಚಿಕ್ಕ ಪ್ರಯೋಗ ಮಾಡಿ ನೋಡಬೇಕು. ತಪ್ಪಿಸಿಕೊಂಡಷ್ಟೂ ಭಯ ಉಳಿಯುತ್ತದೆ.

ಮೂರನೆಯ ತತ್ವ ಓದಿದಾಗ ನನ್ನ ತಪ್ಪು ತಿಳಿಯಿತು. ಅವಳ ಆಲೋಚನೆಯನ್ನು ಪರೀಕ್ಷಿಸದೆ, ಅದರ ಮೇಲೆ ನನ್ನದೊಂದು ಒಳ್ಳೆಯ ಮಾತನ್ನು ಅಂಟಿಸಿದ್ದೆ. ಸಿಬಿಟಿ ಎಂದರೆ ಸಕಾರಾತ್ಮಕ ಚಿಂತನೆಯ ಉಪದೇಶವಲ್ಲ.

ತರಗತಿಯ ಅನುಭವ

ಮಧ್ಯಾಹ್ನದ ಬಿಡುವಿನಲ್ಲಿ ಅವಳೊಂದಿಗೆ ಕುಳಿತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಕಾಲಂ ಹಾಕಿದೆವು: ಏನಾಯಿತು, ಏನನ್ನಿಸಿತು, ಏನು ಮಾಡಿದೆ. ಮೊದಲ ಕಾಲಂನಲ್ಲಿ ಅವಳು ಬರೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. “ಬೋರ್ಡ್ ಹತ್ರ ನಿಂತಾಗ, ಇಷ್ಟು ಸುಲಭದ್ದೂ ಬರಲ್ವಾ ಅಂದ್ರು.” ಹಾಗೆ ಅಂದವಳು ನಾನೇ. ಅಂದು ಪಾಠ ವೀಕ್ಷಣೆಗೆ ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ‘ಯೋಜನೆಯಂತೆ ಪಾಠ ಮುಗಿಯದಿದ್ದರೆ ನಾನು ಶಿಕ್ಷಕಿಯಾಗಲು ಲಾಯಕ್ಕಿಲ್ಲ’ ಎಂದು ನನಗೂ ತಾನಾಗಿ ಅನ್ನಿಸಿತ್ತು. ನನ್ನ ಭಯ ಅವಳ ಮೇಲೆ ಮಾತಾಗಿ ಬಿದ್ದಿತ್ತು. ಕ್ಷಮೆ ಕೇಳಿದ ಮೇಲೆಯೇ ಮುಂದಿನ ಹೆಜ್ಜೆ ಸಾಧ್ಯವಾಯಿತು.

ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. “ರಾಮನಗರದ ಮಾರುಕಟ್ಟೆಯಲ್ಲಿ ಒಂದು ಕೆಟ್ಟ ಗೂಡು ಕಂಡ್ರೆ ಇಡೀ ಲಾಟು ಕೆಟ್ಟದ್ದು ಅಂತಾರಾ?” ಎಂದು ಕೇಳಿದೆ. “ಇಲ್ಲ ಮಿಸ್, ಕೈ ಹಾಕಿ ನಾಲ್ಕಾರು ಕಡೆ ತೆಗೆದು ನೋಡ್ತಾರೆ” ಎಂದಳು. “ಹಾಗಾದ್ರೆ ನಿನ್ನ ನೋಟ್‌ಬುಕ್ಕನ್ನೂ ಹಾಗೇ ನೋಡೋಣ” ಎಂದೆ. ತರಗತಿಯಲ್ಲಿ ಮಾಡಿದ್ದ 14 ಲೆಕ್ಕಗಳಲ್ಲಿ 8 ಸರಿ ಇದ್ದವು. ತಪ್ಪಾದ 6ರಲ್ಲಿ 5 ಕಡೆ ಋಣ ಚಿಹ್ನೆಯ ತಪ್ಪು. ಎಣಿಸಿದವಳು ಅವಳೇ.

ನಂತರ ಮೂರು ಲೆಕ್ಕ ಕೊಟ್ಟು, ಎಷ್ಟು ಸರಿಯಾಗಬಹುದೆಂದು ಮೊದಲೇ ಬರೆಯಲು ಹೇಳಿದೆ. ಸೊನ್ನೆ ಎಂದು ಬರೆದಳು. ಎರಡು ಸರಿಯಾದವು. ಕೊನೆಗೆ ತನ್ನ ವಾಕ್ಯವನ್ನು ತಾನೇ ತಿದ್ದಿದಳು: “ಅಪವರ್ತನ ಮಾಡೋದು ಬರುತ್ತೆ, ಮೈನಸ್ ಬಂದಾಗ ತಪ್ಪಾಗುತ್ತೆ.” ಈ ವಾಕ್ಯ ನನಗೂ ನೆರವಾಯಿತು. ಪೂರ್ಣಾಂಕಗಳ ಚಿಹ್ನಾ ನಿಯಮಗಳನ್ನು ಇಡೀ ತರಗತಿಗೆ ಒಂದು ಅವಧಿ ಮರುಬೋಧನೆ ಮಾಡಿದೆ.

ಮರುಪರೀಕ್ಷೆಯಲ್ಲಿ ಅವಳಿಗೆ 20ಕ್ಕೆ 9 ಬಂತು. ಖಾಲಿ ಬಿಟ್ಟ ಪ್ರಶ್ನೆ ಒಂದೂ ಇರಲಿಲ್ಲ. ಆದರೆ ನನ್ನ ಅವಧಿ ಮುಗಿಯುವವರೆಗೂ ಅವಳು ಕಪ್ಪುಹಲಗೆಗೆ ಬರಲಿಲ್ಲ.

ಮಿತಿಗಳು

ನಾನು ಮಾಡಿದ್ದು ಚಿಕಿತ್ಸೆಯಲ್ಲ. ಅದರ ಪ್ರಶ್ನಿಸುವ ಕ್ರಮವನ್ನು ಕಲಿಕೆಗೆ ಬಳಸಿಕೊಂಡೆ, ಅಷ್ಟೆ. ಸಿಬಿಟಿಯನ್ನು ತರಬೇತಿ ಪಡೆದ ಮನೋಚಿಕಿತ್ಸಕರು ಹಲವು ವಾರಗಳ ಭೇಟಿಗಳಲ್ಲಿ, ಮನೆಗೆಲಸ ಕೊಟ್ಟು ನಡೆಸುತ್ತಾರೆ. ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ, ಸಾಯುವ ಮಾತನಾಡಿದರೆ ಕಾಲಂ ಹಾಕುತ್ತಾ ಕೂರಬಾರದು. ಮುಖ್ಯ ಶಿಕ್ಷಕರಿಗೆ ಕೂಡಲೇ ತಿಳಿಸಿ ತಜ್ಞರ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಉನ್ನತ ಕೇಂದ್ರ. ಕನಕಪುರ, ಮಾಗಡಿಯ ದೂರದ ಹಳ್ಳಿಯ ಶಾಲೆಯಿಂದಲೂ ಉಚಿತವಾಗಿ ಕರೆ ಮಾಡಬಹುದು.

ಇನ್ನೊಂದು ಎಚ್ಚರ: ಮಗುವಿನ ಆಲೋಚನೆ ನಿಜವೂ ಆಗಿರಬಹುದು. ಮನೆಯಲ್ಲಿ ಹೊಡೆತ ತಿನ್ನುವ ಮಗುವಿನ ಭಯವನ್ನು ದೋಷವೆಂದು ತಿದ್ದಲು ಹೋಗಬಾರದು. ಅಲ್ಲಿ ಬದಲಾಗಬೇಕಾದದ್ದು ಸನ್ನಿವೇಶ. ಬೇಕಾದದ್ದು 1098, ಮಕ್ಕಳ ಸಹಾಯವಾಣಿ.

ಉಪಸಂಹಾರ

ಮುಂದಿನ ನಿಯೋಜನೆಗೆ ಎರಡು ಬದಲಾವಣೆ ಮಾಡಿಕೊಂಡಿದ್ದೇನೆ. ಉತ್ತರ ಪತ್ರಿಕೆಯಲ್ಲಿ ಅಂಕದ ಜೊತೆಗೆ ‘ಇದು ಬಂದಿದೆ, ಇದು ಬಾಕಿ’ ಎಂದು ಎರಡು ಸಾಲು ಬರೆಯುತ್ತೇನೆ. ಪಾಠ ಯೋಜನೆಯ ಕೊನೆಯಲ್ಲಿ, ಅಂದು ತರಗತಿಯಲ್ಲಿ ನನಗೆ ಏನನ್ನಿಸಿತು, ಅದರಿಂದ ನಾನು ಏನು ಮಾಡಿದೆ ಎಂದು ನನ್ನದೇ ಮೂರು ಕಾಲಂ ತುಂಬುತ್ತೇನೆ. ಸಹಪ್ರಶಿಕ್ಷಣಾರ್ಥಿಗಳು ಮೊದಲು ಈ ಎರಡನೆಯದನ್ನು ಮಾಡಿ ನೋಡಲಿ ಎಂಬುದು ನನ್ನ ಕೋರಿಕೆ.